ದೂಳಿನ ದಾರಿಯಲ್ಲಿ ಜಪಾನಿನ ಎಂಜಿನ್ನು

ಶಹಾಬಾದಿನ ಹತ್ತಿರ ಹೊನಗುಂಟಾದಲ್ಲಿ ಕಾಗಿಣಾ ನದಿ ಭೀಮೆಯನ್ನು ಕೂಡುತ್ತದೆ. ಅಲ್ಲಿಂದ ಹೊಳೆಯ ಜಾಡು ಹಿಡಿದು ಮೇಲಕ್ಕೆ ಹೊರಟವರಿಗೆ ಚಿತ್ತಾಪುರದ ಸೀಮೆ, ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಹಾಳು ಕೋಟೆ, ಸೇಡಂ ಸೀಮೆ ಒಂದರ ಹಿಂದೊಂದು ಎದುರಾಗುತ್ತವೆ. ಕಾಗಿಣೆಗೆ ನೀರು ತರುವ ಮುಲ್ಲಾಮಾರಿಯ ದಂಡೆಗುಂಟ ಮುಂದುವರಿದರೆ ಚಿಂಚೋಳಿ; ಅದಕ್ಕೂ ಮೇಲೆ ಚಿಮ್ಮನಚೋಡ. ಚಂದ್ರಂಪಳ್ಳಿ ಜಲಾಶಯಕ್ಕೂ ಎತ್ತಿಪೋತ ಜಲಪಾತಕ್ಕೂ ಹೋಗುವ ಪ್ರವಾಸಿಗರು ತೊಗರಿ ಹೊಲಗಳ ನಡುವಿನ ಈ ಊರಿಗೆ ಬರುವುದು ಕಡಿಮೆ. ಆದರೆ ಶಹಾಬಾದಿನಿಂದ ಇಲ್ಲಿಯವರೆಗಿನ ದಾರಿಯನ್ನು ವಿಜ್ಞಾನದ ಪಾಠವೆಂದು ಓದಬಲ್ಲವರಿಗೆ ಇದರಷ್ಟು ಒಳ್ಳೆಯ ಪುಸ್ತಕ ಸಿಗಲಾರದು.

ಈ ದಾರಿಯ ಬಣ್ಣ ಬೂದು. ನೆಲದಡಿಯಲ್ಲಿ ಪದರು ಪದರಾಗಿ ಮಲಗಿರುವ ಸುಣ್ಣದ ಕಲ್ಲೇ ಅದಕ್ಕೆ ಕಾರಣ. ಶಹಾಬಾದಿನಲ್ಲಿ ಅದು ಫರಸಿಯಾಗಿ ಎದ್ದು, ನಾಡಿನ ಎಷ್ಟೋ ಮನೆಗಳ ನೆಲವಾಯಿತು. ವಾಡಿಯಲ್ಲಿ 1968ರಲ್ಲಿ ಎಸಿಸಿ ಕಾರ್ಖಾನೆ ಬಂದ ಮೇಲೆ ಅದೇ ಕಲ್ಲು ಸಿಮೆಂಟಾಯಿತು. ಸೇಡಂ, ಮಳಖೇಡಗಳಲ್ಲಿಯೂ ಕಾರ್ಖಾನೆಗಳು ಎದ್ದವು. ಚಿಂಚೋಳಿ ತಾಲ್ಲೂಕಿಗೂ ಸಿಮೆಂಟು ತಲುಪಿತು. ಕಲ್ಲು ಹೊರುವ ಲಾರಿ, ಚೀಲ ಹೊರುವ ಲಾರಿ, ತೊಗರಿ ಹೊರುವ ಕ್ಯಾಂಟರ್, ಜನರನ್ನು ಹೊರುವ ಜೀಪು ಎಲ್ಲವೂ ಒಂದೇ ದೂಳಿನಲ್ಲಿ ಓಡುತ್ತವೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ.

ದೂಳು ಮತ್ತು ಶಾಖ ಎರಡೂ ಎಂಜಿನ್ನಿಗೆ ಶತ್ರುಗಳು. ಅದರಲ್ಲಿಯೂ 'ಟರ್ಬೊ' ಎಂಬ ಪುಟ್ಟ ಯಂತ್ರವಿರುವ ಎಂಜಿನ್ನಿಗೆ ಇವು ಪರಮ ಶತ್ರುಗಳು. ಅದೇ ಟರ್ಬೊ ಇಂದು ಈ ದಾರಿಯ ಬಹುಪಾಲು ಡೀಸೆಲ್ ವಾಹನಗಳ ಹೊಟ್ಟೆಯೊಳಗಿದೆ. ಜಗತ್ತಿನ ಹುಡುಗರೆಲ್ಲ ಕನಸು ಕಾಣುವ ಹಳೆಯ ಜಪಾನಿ ಓಟದ ಕಾರುಗಳಿಗೆ ಹೆಸರು ತಂದುಕೊಟ್ಟ ಯಂತ್ರವೂ ಇದೇ.

ಕ್ಯಾಂಟರ್ ಎಂಬ ಮಾತು

ಕನ್ನಡ ಪತ್ರಿಕೆಗಳಲ್ಲಿ 'ಕ್ಯಾಂಟರ್' ಎಂಬ ಮಾತು ದಿನವೂ ಬರುತ್ತದೆ. ಸಣ್ಣ ಲಾರಿ ಎಂಬುದಕ್ಕೆ ಅದು ಈಗ ಕನ್ನಡದ್ದೇ ಹೆಸರೆನ್ನುವಷ್ಟು ಬಳಕೆಯಲ್ಲಿದೆ. ಮೂಲದಲ್ಲಿ ಅದು ಜಪಾನಿನ ಮಿತ್ಸುಬಿಷಿ ಕಂಪನಿ ತನ್ನ ಲಾರಿಗೆ ಇಟ್ಟ ಹೆಸರು. 1980ರ ದಶಕದಲ್ಲಿ ನಾಲ್ಕು ಜಪಾನಿ ಕಂಪನಿಗಳು ಭಾರತದ ಪಾಲುದಾರರೊಡನೆ ಸೇರಿ ಸಣ್ಣ ಲಾರಿಗಳನ್ನು ತಯಾರಿಸತೊಡಗಿದವು. ಮಧ್ಯಪ್ರದೇಶದ ಪೀತಂಪುರದಲ್ಲಿ ಐಷರ್ ಮಿತ್ಸುಬಿಷಿ, ಪಂಜಾಬಿನಲ್ಲಿ ಸ್ವರಾಜ್ ಮಜ್ದಾ, ಉತ್ತರ ಪ್ರದೇಶದಲ್ಲಿ ಡಿಸಿಎಂ ಟೊಯೋಟ. ನಾಲ್ಕನೆಯದು ಹೈದರಾಬಾದ್ ಆಲ್ವಿನ್ ಮತ್ತು ನಿಸ್ಸಾನ್ ಕೂಡಿ ನಡೆಸಿದ ಕಾರ್ಖಾನೆ. ಅದು ತಲೆಯೆತ್ತಿದ್ದು ಜಹೀರಾಬಾದಿನಲ್ಲಿ. ಚಿಂಚೋಳಿಯಿಂದ ಕುಂಚಾವರಂ ಕಾಡಿನ ದಾರಿ ಹಿಡಿದು ಗಡಿ ದಾಟಿದರೆ ಸಿಗುವ ಊರದು, ಈಗ ತೆಲಂಗಾಣದಲ್ಲಿದೆ. ಮುಂದೆ ಆ ಕಾರ್ಖಾನೆ ಮಹೀಂದ್ರ ಕಂಪನಿಯ ಕೈಸೇರಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನಮ್ಮ ರಸ್ತೆಗಳಿಗೆ ಸಣ್ಣ ಲಾರಿ ಕಳಿಸಿದ ಈ ನಾಲ್ಕು ಕಂಪನಿಗಳೇ ತಮ್ಮ ನಾಡಿನಲ್ಲಿ ಟರ್ಬೊ ಕಾರುಗಳನ್ನು ಕಟ್ಟುತ್ತಿದ್ದವು. ಜಪಾನಿನ ಮೊದಲ ಟರ್ಬೊ ಕಾರನ್ನು 1979ರಲ್ಲಿ ಮಾರುಕಟ್ಟೆಗೆ ತಂದದ್ದು ನಿಸ್ಸಾನ್. ಅದೇ ಕಂಪನಿ 1989ರಲ್ಲಿ 'ಸ್ಕೈಲೈನ್ ಜಿಟಿ-ಆರ್' ಎಂಬ ಕಾರನ್ನು ಹೊರಡಿಸಿತು. ಸಾಲಾಗಿ ನಿಂತ ಆರು ಸಿಲಿಂಡರು, 2568 ಸಿಸಿ, ಎರಡು ಟರ್ಬೊ. 1990ರಿಂದ 1993ರವರೆಗೆ ಜಪಾನಿನ ಟೂರಿಂಗ್ ಕಾರು ಪಂದ್ಯಾವಳಿಯ 29 ಪಂದ್ಯಗಳಲ್ಲಿ 29ನ್ನೂ ಆ ಕಾರು ಗೆದ್ದಿತು. ಮಜ್ದಾದ 'ಆರ್‌ಎಕ್ಸ್-7' 1991ರಲ್ಲಿ ಹೊಸ ರೂಪದಲ್ಲಿ ಬಂತು. ಮಿತ್ಸುಬಿಷಿಯ 'ಲ್ಯಾನ್ಸರ್ ಎವಲ್ಯೂಷನ್' ಬಂದದ್ದು 1992ರಲ್ಲಿ, ಟೊಯೋಟದ ಪ್ರಸಿದ್ಧ 'ಸುಪ್ರಾ' ಬಂದದ್ದು 1993ರಲ್ಲಿ. ಇವು ಈಗ ಮೂವತ್ತು ವರ್ಷ ದಾಟಿದ ಮುದುಕರು. ಆದರೂ ಜಪಾನ್, ಆಸ್ಟ್ರೇಲಿಯ, ಅಮೆರಿಕಗಳಲ್ಲಿ ಇವುಗಳನ್ನು ತಳದಿಂದ ಬಿಚ್ಚಿ, ಮತ್ತೆ ಕಟ್ಟಿ ಓಡಿಸುವವರು ಸಾವಿರಾರು ಮಂದಿ.

ಅಂಥ ಕಾರು ಚಿಮ್ಮನಚೋಡದ ಹಾದಿಗೆ ಬರಲಿಲ್ಲ. ಹೊರದೇಶದಲ್ಲಿ ಓಡಿಸಿದ ಹಳೆಯ ಕಾರನ್ನು ಭಾರತಕ್ಕೆ ತರುವುದಕ್ಕೆ ವಯಸ್ಸಿನ ಮಿತಿಯೂ ಭಾರಿ ಸುಂಕವೂ ಅಡ್ಡ ಇವೆ. ಆದರೆ ಅದರ ಒಡಹುಟ್ಟಿದವು ಬೇರೆ ವೇಷದಲ್ಲಿ ಬಂದವು. ಅಶೋಕ್ ಲೇಲ್ಯಾಂಡ್ ಕಂಪನಿ ಜಪಾನಿನ ಹಿನೋ ಕಂಪನಿಯಿಂದ ವಿನ್ಯಾಸ ಪಡೆದು ತಯಾರಿಸಿದ ಆರು ಸಿಲಿಂಡರಿನ ಎಂಜಿನ್ನು ಲಾರಿಗಳಲ್ಲಿ ಬಂತು. 2000ದಿಂದ ಹೊಗೆಯ ನಿಯಮಗಳು ಒಂದೊಂದಾಗಿ ಬಿಗಿಯಾದಂತೆ ಲಾರಿಗಳಿಗೆ ಟರ್ಬೊ ಅನಿವಾರ್ಯವಾಯಿತು. 2005ರಲ್ಲಿ ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಿಂದ ಟರ್ಬೊ ಡೀಸೆಲ್ ಎಂಜಿನ್ನಿನ ಇನ್ನೋವಾ ಹೊರಬಂತು. ಹೀಗೆ ಕರ್ನಾಟಕದ ಮನೆಮಂದಿ ಹತ್ತಿ ಇಳಿಯುವ 'ಜಪಾನಿ ಟರ್ಬೊ' ಎಂದರೆ ಓಟದ ಕಾರಲ್ಲ, ಮದುವೆಗೂ ಆಸ್ಪತ್ರೆಗೂ ಹೋಗುವ ಬಾಡಿಗೆ ಗಾಡಿ.

ಗಾಳಿಯ ಲೆಕ್ಕ

ಟರ್ಬೊ ಎಂದರೇನು? ಎಂಜಿನ್ನಿಗೆ ಇಂಧನ ಉರಿಸಲು ಗಾಳಿ ಬೇಕು. ಸಾಮಾನ್ಯ ಎಂಜಿನ್ನು ಪಿಸ್ಟನ್ ಕೆಳಗಿಳಿದಾಗ ತಾನಾಗಿ ಎಳೆದುಕೊಳ್ಳುವಷ್ಟೇ ಗಾಳಿ ಕುಡಿಯುತ್ತದೆ. ಹೊಗೆಯಾಗಿ ಹೊರಹೋಗುವ ಬಿಸಿ ಅನಿಲದಲ್ಲಿ ಇನ್ನೂ ಸಾಕಷ್ಟು ಶಕ್ತಿ ಉಳಿದಿರುತ್ತದೆ. ಅದನ್ನು ವ್ಯರ್ಥ ಮಾಡುವ ಬದಲು ಒಂದು ಪುಟ್ಟ ಚಕ್ರವನ್ನು ತಿರುಗಿಸಲು ಬಳಸಿದರೆ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬಬಲ್ಲದು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಕಮ್ಮಾರನ ತಿದಿಯನ್ನು ಕುಲುಮೆಯ ಬೆಂಕಿಯೇ ಒತ್ತುವಂತಾದರೆ ಹೇಗೋ ಹಾಗೆ.

ಪಿಯುಸಿ ವಿದ್ಯಾರ್ಥಿಗಳು ಈ ದಾರಿಯ ಸೆಖೆಯನ್ನೇ ಲೆಕ್ಕವಾಗಿ ಮಾಡಬಹುದು. ಒತ್ತಡ ಒಂದೇ ಇದ್ದರೆ ಗಾಳಿಯ ಸಾಂದ್ರತೆ ಕೆಲ್ವಿನ್ ಉಷ್ಣಾಂಶಕ್ಕೆ ವಿಲೋಮವಾಗಿರುತ್ತದೆ. 15 ಡಿಗ್ರಿ ಸೆಲ್ಸಿಯಸ್ ಎಂದರೆ 288 ಕೆಲ್ವಿನ್, 43 ಡಿಗ್ರಿ ಎಂದರೆ 316 ಕೆಲ್ವಿನ್. 288ನ್ನು 316ರಿಂದ ಭಾಗಿಸಿದರೆ 0.91. ಅಂದರೆ ಸೇಡಂನ ಮೇ ತಿಂಗಳ ಮಧ್ಯಾಹ್ನದಲ್ಲಿ ಎಂಜಿನ್ನು ಕುಡಿಯುವ ಪ್ರತಿ ಗುಟುಕಿನಲ್ಲಿ ತಂಪು ಹೊತ್ತಿಗಿಂತ ಶೇಕಡಾ 9ರಷ್ಟು ಗಾಳಿ ಕಡಿಮೆ. ಟರ್ಬೊ ಗಾಳಿಯನ್ನು ಒತ್ತಿದಾಗ ಅದು ಇನ್ನಷ್ಟು ಬಿಸಿಯಾಗುತ್ತದೆ. ಅದಕ್ಕಾಗಿಯೇ ಹಲವು ವಾಹನಗಳಲ್ಲಿ ಒತ್ತಿದ ಗಾಳಿಯನ್ನು 'ಇಂಟರ್‌ಕೂಲರ್' ಎಂಬ ಜಾಲರಿಯ ಮೂಲಕ ತಂಪು ಮಾಡಿ ಒಳಗೆ ಬಿಡುತ್ತಾರೆ. ಆ ಜಾಲರಿಯ ಸಂದುಗಳಲ್ಲಿ ಸುಣ್ಣದ ದೂಳು ಮೆತ್ತಿಕೊಂಡರೆ ತಂಪೂ ಇಲ್ಲ, ಬಲವೂ ಇಲ್ಲ.

ಇನ್ನು ವೇಗದ ಮಾತು. ಮನೆಯ ಫ್ಯಾನು ಜೋರಾಗಿ ತಿರುಗಿದರೂ ನಿಮಿಷಕ್ಕೆ ಮುನ್ನೂರೈವತ್ತು ಸುತ್ತಿನ ಆಸುಪಾಸು. ಕಾರಿನ ಟರ್ಬೊ ಒಂದು ಲಕ್ಷಕ್ಕೂ ಮೀರಿ ಸುತ್ತಬಲ್ಲದು. ಒಂದು ಪಕ್ಕದಲ್ಲಿ ಬೆಂಕಿಯಂಥ ಅನಿಲ. ಪೆಟ್ರೋಲ್ ಕಾರಿನಲ್ಲಿ ಅದು 900 ಡಿಗ್ರಿಯನ್ನೂ ಮುಟ್ಟುವುದುಂಟು. ಇನ್ನೊಂದು ಪಕ್ಕದಲ್ಲಿ ಹೊರಗಿನ ಗಾಳಿ. ನಡುವಿನ ಅಚ್ಚು ನಿಂತಿರುವುದು ಕೂದಲಿಗಿಂತ ತೆಳುವಾದ ಎಣ್ಣೆಯ ಪೊರೆಯ ಮೇಲೆ. ಆ ಪೊರೆ ಒಂದು ಕ್ಷಣ ಹರಿದರೂ ಲೋಹ ಲೋಹವನ್ನು ತಿನ್ನುತ್ತದೆ.

ಬಿಚ್ಚಿ ಕಟ್ಟುವ ವಿದ್ಯೆ

"ಗಾಡಿ ಎಳೀವಲ್ದು" ಎನ್ನುವುದು ಈ ಭಾಗದ ಗ್ಯಾರೇಜುಗಳಲ್ಲಿ ಕೇಳಿಬರುವ ಸಾಮಾನ್ಯ ದೂರು. ಅವಸರದ ಮಿಸ್ತ್ರಿ ಆದರೆ ಕೂಡಲೇ "ಟರ್ಬೊ ಹೋಗ್ಯಾದ" ಎಂದು ಹೊಸದನ್ನು ಹಾಕಿಸುತ್ತಾನೆ. ಬಲ್ಲವನು ಹಾಗೆ ಮಾಡುವುದಿಲ್ಲ. ಮೊದಲು ಗಾಳಿ ಫಿಲ್ಟರ್ ತೆಗೆದು ನೋಡುತ್ತಾನೆ. ರಬ್ಬರ್ ಹೋಸುಗಳನ್ನು ಕೈಯಿಂದ ಹಿಸುಕಿ, ಎಲ್ಲಿಯಾದರೂ ಸೀಳಿದೆಯೇ, ಕ್ಲಿಪ್ಪು ಸಡಿಲವಾಗಿದೆಯೇ ಎಂದು ಪರೀಕ್ಷಿಸುತ್ತಾನೆ. ಒತ್ತಿದ ಗಾಳಿ ಹೊರಗೆ ಸೋರಿದರೆ ಡೀಸೆಲ್ ಲಾರಿ ಕಪ್ಪು ಹೊಗೆ ಕಾರುತ್ತದೆ. ಎಣ್ಣೆ ಒಳಗೆ ಸೋರಿ ಉರಿದರೆ ಹೊಗೆ ನೀಲಿ. ಈ ಬಣ್ಣಗಳನ್ನು ಓದುವುದೇ ಮೊದಲ ಪಾಠ.

ಆಮೇಲೆ, ಎಂಜಿನ್ನು ನಿಂತು ತಣ್ಣಗಾದ ಮೇಲೆ, ಟರ್ಬೊದ ಬಾಯಿ ಬಿಚ್ಚಿ ಚಕ್ರವನ್ನು ಬೆರಳಿನಿಂದ ತಿರುಗಿಸಬೇಕು. ಅದು ಹಗುರವಾಗಿ ತಿರುಗಬೇಕು, ಸುತ್ತಲಿನ ಗೋಡೆಗೆ ತಾಗಬಾರದು. ಅಚ್ಚು ಪಕ್ಕಕ್ಕೆ ಕೊಂಚ ಅಲುಗುವುದು ಸಹಜ, ಆ ಜಾಗ ಎಣ್ಣೆಯದು. ಮುಂದಕ್ಕೂ ಹಿಂದಕ್ಕೂ ಕೈಗೆ ಗೊತ್ತಾಗುವಷ್ಟು ಆಡಿದರೆ ಬೇರಿಂಗ್ ಸವೆದಿದೆ. ಚಕ್ರದ ರೆಕ್ಕೆಗಳ ಅಂಚು ಮರಳಿನಿಂದ ಉಜ್ಜಿದಂತೆ ಮೊಂಡಾಗಿದ್ದರೆ ಫಿಲ್ಟರ್ ದಾಟಿ ದೂಳು ಒಳನುಗ್ಗಿದೆ. ಆ ದೂಳು ಅಲ್ಲಿಗೇ ನಿಲ್ಲುವುದಿಲ್ಲ. ಸಿಲಿಂಡರಿಗೆ ಇಳಿದು ಪಿಸ್ಟನ್ ರಿಂಗುಗಳನ್ನೂ ಲೈನರನ್ನೂ ಸವೆಸುತ್ತದೆ. ಆಗ ಕೆಲಸ ಟರ್ಬೊದ್ದಲ್ಲ, ಇಡೀ ಎಂಜಿನ್ನಿನದು.

ಹೊಸ ಟರ್ಬೊ ಕೂರಿಸಿದ ಕೆಲವೇ ದಿನಗಳಲ್ಲಿ ಅದೂ ಸುಟ್ಟುಹೋದ ಕಥೆಗಳು ಎಲ್ಲ ಗ್ಯಾರೇಜುಗಳಲ್ಲಿವೆ. ಕಾರಣ ಬಹುಮಟ್ಟಿಗೆ ಒಂದೇ: ಹಳೆಯದು ಏಕೆ ಸತ್ತಿತು ಎಂದು ಯಾರೂ ಕೇಳಲಿಲ್ಲ. ಎಣ್ಣೆ ತರುವ ಸಣ್ಣ ಪೈಪಿನೊಳಗೆ ಸುಟ್ಟ ಎಣ್ಣೆ ಇದ್ದಿಲಾಗಿ ಕಟ್ಟಿಕೊಂಡಿರುತ್ತದೆ. ಅದನ್ನು ತೊಳೆಯದೆ ಅಥವಾ ಬದಲಿಸದೆ ಹೊಸ ಟರ್ಬೊ ಹಾಕಿದರೆ ಹಸಿದ ಹೊಟ್ಟೆಯಲ್ಲಿ ಓಡಿಸಿದಂತೆ. ಬಲ್ಲ ಮಿಸ್ತ್ರಿ ಎಣ್ಣೆ, ಎಣ್ಣೆ ಫಿಲ್ಟರ್ ಎರಡನ್ನೂ ಬದಲಿಸಿ, ಟರ್ಬೊದ ಎಣ್ಣೆ ರಂಧ್ರಕ್ಕೆ ಶುದ್ಧ ಎಣ್ಣೆ ಸುರಿದು, ಚಕ್ರವನ್ನು ಕೈಯಿಂದ ತಿರುಗಿಸಿ ನೆನೆಸಿ, ಆಮೇಲೆ ಎಂಜಿನ್ನು ಚಾಲೂ ಮಾಡುತ್ತಾನೆ. ಕೆಲವು ನಿಮಿಷ ಅಕ್ಸಲರೇಟರ್ ಮುಟ್ಟುವುದಿಲ್ಲ.

ಚಾಲಕನಿಗೂ ಒಂದು ಪಾಠವಿದೆ. ಹೇರಿನ ಗಾಡಿ ಏರು ಹತ್ತಿ ಬಂದು ನಿಂತೊಡನೆ ಕೀಲಿ ತಿರುಗಿಸಬಾರದು. ಒಂದೆರಡು ನಿಮಿಷ ಎಂಜಿನ್ನು ಸುಮ್ಮನೆ ಓಡಬೇಕು. ಆಗ ಹರಿಯುವ ಎಣ್ಣೆ ಟರ್ಬೊದ ಶಾಖವನ್ನು ಹೊತ್ತೊಯ್ಯುತ್ತದೆ. ತಟ್ಟನೆ ಆರಿಸಿದರೆ ಒಳಗೆ ಉಳಿದ ಎಣ್ಣೆ ಅಲ್ಲಿಯೇ ಸುಟ್ಟು ಕರಿಯಾಗುತ್ತದೆ. ದೂರದಿಂದ ಬಂದ ಎತ್ತಿಗೆ ನೊಗ ಇಳಿಸಿದ ಕೂಡಲೇ ತಣ್ಣೀರು ತೋರಿಸದೆ ಸ್ವಲ್ಪ ದಣಿವಾರಿಸುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂವತ್ತು ವರ್ಷದ ಸ್ಕೈಲೈನ್ ಕಾರನ್ನು ಮತ್ತೆ ಕಟ್ಟುವವರು ಪಾಲಿಸುವ ನಿಯಮವೂ ಇದೇ: ಶುದ್ಧ ಗಾಳಿ, ಶುದ್ಧ ಎಣ್ಣೆ, ತಾಳ್ಮೆ. ಅದರ ಮೂಲ ಟರ್ಬೊಗಳ ಬಿಸಿ ಪಕ್ಕದ ಚಕ್ರ ಸಿರಾಮಿಕ್‌ನದು, ಅಂದರೆ ಪಿಂಗಾಣಿಯ ಜಾತಿಯದು. ಹಗುರವಾದ್ದರಿಂದ ಬೇಗ ತಿರುಗುತ್ತದೆ. ಆದರೆ ಇನ್ನಷ್ಟು ವೇಗದ ಆಸೆಯಿಂದ ಗಾಳಿಯ ಒತ್ತಡವನ್ನು ಮಿತಿಮೀರಿ ಏರಿಸಿದರೆ ಒಡೆದು ಚೂರಾಗುತ್ತದೆ. ಆ ಕಾರನ್ನು ಕೊಂಡ ಎಷ್ಟೋ ಯುವಕರು ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತರು. ಹಳೆಯ ಕಾರಿನಲ್ಲಿ ಎಂಜಿನ್ನಿಗಿಂತ ಮೊದಲು ಸಾಯುವುದು ರಬ್ಬರ್ ಹೋಸು, ತಂತಿಯ ಹೊದಿಕೆ, ತುಕ್ಕು ತಿಂದ ತಗಡು. ಆದ್ದರಿಂದ ಅನುಭವಿಗಳು ಬಲ ಹೆಚ್ಚಿಸುವ ಮಾತನ್ನು ಕೊನೆಗೆ ಇಟ್ಟು, ಟೈಮಿಂಗ್ ಬೆಲ್ಟ್, ನೀರಿನ ಪಂಪು, ಹೋಸು, ಬ್ರೇಕು ಇವುಗಳಿಂದ ಕೆಲಸ ಆರಂಭಿಸುತ್ತಾರೆ.

ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ ಕಟ್ಟುನಿಟ್ಟಿನ ತಪಾಸಣೆಯಿದೆ. ಹಳೆಯ ಗಾಡಿಗೆ ತೆರಿಗೆಯೂ ಹೆಚ್ಚು. ಆದರೂ ಜನ ಬಿಡಲಿಲ್ಲ. ಕೊನೆಗೆ ಕಂಪನಿಗಳೇ ಮಣಿದವು: ನಿಸ್ಸಾನ್ 2017ರಲ್ಲಿ, ಟೊಯೋಟ 2020ರಲ್ಲಿ ಈ ಹಳೆಯ ಕಾರುಗಳ ಬಿಡಿಭಾಗಗಳನ್ನು ಮತ್ತೆ ತಯಾರಿಸತೊಡಗಿದವು.

ಸೇತುವೆಯ ಮೇಲಿನ ನೀರು

ಚಿಮ್ಮನಚೋಡ ಕಲಿಸುವ ಇನ್ನೊಂದು ಪಾಠ ಮಳೆಗಾಲದ್ದು. ಮುಲ್ಲಾಮಾರಿಗೆ ನಾಗರಾಳದ ಬಳಿ ಕಟ್ಟಿದ ಜಲಾಶಯ ತುಂಬಿ ನೀರು ಹೊರಬಿಟ್ಟಾಗ ನದಿಯಗುಂಟದ ಊರುಗಳ ತಗ್ಗಿನ ಸೇತುವೆಗಳ ಮೇಲೆ ನೀರು ಹರಿದು ಸಂಚಾರ ನಿಂತುಹೋದದ್ದುಂಟು. ಇಂಥ ಹೊತ್ತಿನಲ್ಲಿ "ದಾಟಿಬಿಡೋಣ" ಎನ್ನುವವರು ಎರಡನ್ನು ಪಣಕ್ಕಿಡುತ್ತಾರೆ. ಮೊದಲನೆಯದು ಜೀವ, ಮೊಣಕಾಲೆತ್ತರದ ಹರಿವು ಕೂಡ ಗಾಡಿಯನ್ನು ತಳ್ಳಬಲ್ಲದು. ಎರಡನೆಯದು ಎಂಜಿನ್ನು. ಗಾಳಿ ಎಳೆಯುವ ಬಾಯಿಗೆ ನೀರು ಹೊಕ್ಕರೆ ಪಿಸ್ಟನ್ ಅದನ್ನು ಒತ್ತಲು ಹೋಗುತ್ತದೆ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಬಾಗುವುದು ಕನೆಕ್ಟಿಂಗ್ ರಾಡ್. ನೀರಿನಲ್ಲಿ ನಿಂತ ಗಾಡಿಗೆ ಮತ್ತೆ ಮತ್ತೆ ಸೆಲ್ಫ್ ಹೊಡೆಯದೆ ಹೊರಗೆ ಎಳೆಸಿ ಮಿಸ್ತ್ರಿಗೆ ತೋರಿಸುವುದೇ ಜಾಣತನ.

ಎರಡನೆಯ ಕೈಯ ಗಾಡಿ ಕೊಳ್ಳುವವರಿಗೆ ಈ ಎಲ್ಲ ಸಂಗತಿ ಬರಿಯ ವಿಜ್ಞಾನವಲ್ಲ. ಹೊಲದ ಮೇಲೆ ಸಾಲ ತೆಗೆದು ಹಳೆಯ ಟರ್ಬೊ ಗಾಡಿ ಕೊಂಡು ಬಾಡಿಗೆಗೆ ಬಿಡುವ ಕುಟುಂಬಕ್ಕೆ ಎಂಜಿನ್ನು ಬಿಚ್ಚಿದ ದಿನದಿಂದ ಸಂಪಾದನೆ ನಿಂತು ಕಂತು ಮಾತ್ರ ನಡೆಯುತ್ತದೆ. ಕೊಳ್ಳುವ ಮುನ್ನ ಎಂಜಿನ್ನು ಓಡುತ್ತಿರುವಾಗ ಎಣ್ಣೆ ಮುಚ್ಚಳ ತೆಗೆದು, ಹೊಗೆ ಬುಸುಗುಟ್ಟಿ ಬರುತ್ತದೆಯೇ ನೋಡಬೇಕು. ಎಣ್ಣೆ ಬದಲಿಸಿದ ಚೀಟಿಗಳನ್ನು ಕೇಳಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ತಪಾಸಣೆಯಲ್ಲಿ ಪಾಸಾದರಷ್ಟೇ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಬಿಡದಿಯ ಮೊದಲ ಇನ್ನೋವಾಗಳು ಆ ಗಡಿಯನ್ನು 2020ರಲ್ಲಿಯೇ ದಾಟಿವೆ.

ಪಾನಾ ಮೊದಲೋ, ಪುಸ್ತಕ ಮೊದಲೋ

ಹೆದ್ದಾರಿಯ ಬದಿಯ ಗ್ಯಾರೇಜಿನಲ್ಲಿ ಪಾನಾ ಹಿಡಿದ ಚಿಕ್ಕ ಹುಡುಗರನ್ನು ಕಂಡಾಗ "ಕೆಲಸ ಕಲಿಯಲಿ ಬಿಡು" ಎನ್ನುವವರಿದ್ದಾರೆ. 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಹಚ್ಚಬಾರದೆಂದು 2016ರಲ್ಲಿ ತಿದ್ದುಪಡಿಯಾದ ಕಾಯಿದೆ ಹೇಳುತ್ತದೆ. 18ರವರೆಗೆ ಅಪಾಯದ ಕೆಲಸ ನಿಷಿದ್ಧ. ಕಾಯಿದೆಯ ಮಾತು ಬದಿಗಿಟ್ಟರೂ ಒಂದು ಸತ್ಯ ಉಳಿಯುತ್ತದೆ. ಹಿಂದಿನ ಉಸ್ತಾದರು ಶಬ್ದ ಕೇಳಿಯೇ ರೋಗ ಹೇಳುತ್ತಿದ್ದರು. ಆ ಕಿವಿಗೆ ಇಂದಿಗೂ ಬೆಲೆಯಿದೆ. ಆದರೆ 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲಿನ ಗಾಡಿಗಳಲ್ಲಿ ಸೆನ್ಸರ್‌ಗಳು ಹೇಳುವುದನ್ನು ಓದಬೇಕು. ಒತ್ತಡ, ಉಷ್ಣಾಂಶ, ಓಲ್ಟೇಜ್ ತಿಳಿದಿರಬೇಕು. ಏಳನೆಯ ತರಗತಿಗೆ ಶಾಲೆ ಬಿಟ್ಟ ಹುಡುಗ ಎಷ್ಟೇ ಚುರುಕಾಗಿದ್ದರೂ ಆ ಬಾಗಿಲ ಹೊರಗೇ ನಿಲ್ಲುತ್ತಾನೆ.

ಒಳಗೆ ಹೋಗುವ ದಾರಿಗಳು ಇವೆ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ಒಂದು ವರ್ಷದ, ಮೋಟಾರು ವಾಹನ ಮೆಕ್ಯಾನಿಕ್ ಎರಡು ವರ್ಷದ ತರಬೇತಿ. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೋಟ ತಾಂತ್ರಿಕ ತರಬೇತಿ ಸಂಸ್ಥೆ ರಾಜ್ಯದ ಗ್ರಾಮೀಣ ಬಡ ಕುಟುಂಬಗಳ ಮಕ್ಕಳನ್ನು ಎಸ್ಸೆಸ್ಸೆಲ್ಸಿಯ ನಂತರ ಆರಿಸಿಕೊಂಡು, ಊಟ ವಸತಿಯೊಡನೆ ಮೂರು ವರ್ಷ ಕಲಿಸುತ್ತದೆ. ಈಚೆಗೆ ಅಲ್ಲಿ ಹೆಣ್ಣುಮಕ್ಕಳಿಗೂ ಪ್ರವೇಶ ದೊರೆತಿದೆ. ಸಂವಿಧಾನದ 371 (ಜೆ) ವಿಧಿಯ ಬಲದಿಂದ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದಲ್ಲಿ ಸ್ಥಳೀಯ ಮೀಸಲಾತಿಯಿದೆ. ಕೆಲಸಕ್ಕಾಗಿ ಮುಂಬೈ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವ ತಾಂಡಾಗಳಿರುವ ತಾಲ್ಲೂಕಿನಲ್ಲಿ, ಊರು ಬಿಟ್ಟರೂ ಕೈಯಲ್ಲಿ ವಿದ್ಯೆ ಇಟ್ಟುಕೊಂಡು ಹೊರಡುವುದಕ್ಕೂ ಬರಿಗೈಯಲ್ಲಿ ಹೊರಡುವುದಕ್ಕೂ ಇರುವ ಅಂತರವನ್ನು ತಂದೆತಾಯಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಗ ಗೋಡೆಗೆ ಓಟದ ಕಾರಿನ ಚಿತ್ರ ಅಂಟಿಸಿಕೊಂಡರೆ ಗದರಿಸುವ ಬದಲು ಅದರ ಬಾನೆಟ್ಟಿನ ಕೆಳಗೆ ಏನಿದೆ ಎಂದು ಕೇಳುವುದು ಒಳ್ಳೆಯದು. ಉತ್ತರ ಹುಡುಕುತ್ತ ಹೋದರೆ ಅವನು ತಲುಪುವುದು ತನ್ನೂರಿನ ರಸ್ತೆಯಲ್ಲಿಯೇ ನಿಂತಿರುವ ತೊಗರಿಯ ಕ್ಯಾಂಟರನ್ನು.

ಈ ದಾರಿಯನ್ನು ಕಣ್ಣಾರೆ ನೋಡಬೇಕೆನ್ನುವವರು ವಾಡಿ ಜಂಕ್ಷನ್‌ನಲ್ಲಿ ರೈಲು ಇಳಿಯಬಹುದು. ಚಿತ್ತಾಪುರ, ಸೇಡಂ ಊರುಗಳು ವಾಡಿ–ಸಿಕಂದರಾಬಾದ್ ರೈಲು ಮಾರ್ಗದಲ್ಲಿಯೇ ಇವೆ. ಸೇಡಂನಿಂದಲೂ ಕಲಬುರಗಿಯಿಂದಲೂ ಚಿಂಚೋಳಿಗೆ ಬಸ್ಸುಗಳಿವೆ. ಅಲ್ಲಿಂದ ಚಿಮ್ಮನಚೋಡ ಹತ್ತಿರ. ಮಳೆ ನಿಂತು ಹೊಳೆ ಇಳಿದು, ತೊಗರಿ ಹಳದಿ ಹೂ ಬಿಡುವ ದಿನಗಳು ಹೋಗಿಬರಲು ಹಿತವಾದ ಕಾಲ. ಅದೇ ಕಾಲದಲ್ಲಿ ದೂಳೂ ಏಳತೊಡಗುತ್ತದೆ. ಸ್ವಂತ ಗಾಡಿಯಲ್ಲಿ ಹೋದವರು ಮರಳಿದ ಮೇಲೆ ಗಾಳಿ ಫಿಲ್ಟರನ್ನು ಒಮ್ಮೆ ತೆಗೆದು ಮಕ್ಕಳಿಗೂ ತೋರಿಸಬೇಕು. ಅದರಲ್ಲಿ ಕೂತಿರುವ ಬೂದು ಪುಡಿ ಎಂಜಿನ್ನಿನೊಳಗೆ ಹೋಗದೆ ಉಳಿದ ಶಹಾಬಾದಿನ ಕಲ್ಲು.